ಊಟದ ಗಂಟೆಗಿಂತ ಮೊದಲು

ಅವತ್ತು ಗುರುವಾರ. ಬಿಸಿಯೂಟಕ್ಕೆ ಅನ್ನ, ಸಾಂಬಾರು, ಜೊತೆಗೆ ಮೊಟ್ಟೆ ಇದ್ದ ದಿನ. ಮೊಟ್ಟೆ ಕುದಿಸಬೇಕೆಂದು ನಾನು ಮನೆಯಿಂದ ಬೇಗ ಹೊರಟಿದ್ದೆ. ನನ್ನ ಮಾವ, ಎಂದರೆ ಗಂಡನ ತಂದೆ, ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತು ತಮ್ಮ ವಲ್ಲಿಯನ್ನು ಝಾಡಿಸಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ತೊಳೆದು ತೊಳೆದು ತೆಳ್ಳಗಾದ, ಕೆಂಪು ಅಂಚಿನ ಬಟ್ಟೆ ಅದು. ಒಳಗೆ ನನ್ನ ಮಗಳು ಯೂನಿಫಾರ್ಮ್ ಹಾಕಿಕೊಂಡು, ಎಡಗಾಲಿನ ಸಾಕ್ಸನ್ನು ಮೂರನೇ ಸಲ ಬಿಚ್ಚಿ ಮತ್ತೆ ಹಾಕಿಕೊಳ್ಳುತ್ತಿದ್ದಳು. ಸಾಕ್ಸಿನ ಹೊಲಿಗೆ ಅವಳ ಬೆರಳಿಗೆ ತಾಗಬಾರದು.

"ಮಾವಾರ, ಲಗೂನ ಕರಕೊಂಡು ಬರ್ರಿ. ನಿನ್ನಿ ಪ್ರಾರ್ಥನಿ ಮುಗದ ಮ್ಯಾಲ ಬಂದೀರಿ," ಎಂದೆ.

"ನಾ ಏನ್ ಮಾಡ್ಲಿ? ನಮ್ಮ ಸಾಹೇಬ್ರು ಸಾಕ್ಸ್ ಪಾಸ್ ಮಾಡಬೇಕಲ್ಲ," ಎಂದರು ಅವರು. "ಅಷ್ಟು ವರ್ಷ ಎಂಜಿನಿಯರ್ ಸಾಹೇಬ್ರ ಕೈಯಾಗ ಕೆಲಸ ಮಾಡೀನಿ. ಒಬ್ರೂ ಈಕಿ ಅಷ್ಟು ಜೋರ್ ಇದ್ದಿದ್ದಿಲ್ಲ ನೋಡು."

ಮಾವ ಭೀಮರಾಯನಗುಡಿಯ ಕ್ಯಾಂಪಿನಲ್ಲಿ ಕಾಲುವೆಯ ಗೇಟು ನೋಡಿಕೊಳ್ಳುವ ಕೆಲಸದಲ್ಲಿದ್ದು ನಿವೃತ್ತರಾದವರು. ಸಹಿ ಮಾಡಲಷ್ಟೇ ಬರುತ್ತಿತ್ತು. ಅತ್ತೆ ಹೋದ ಮೇಲೆ ಅವರಿಗಿದ್ದ ಕೆಲಸ ಒಂದೇ, ಮೊಮ್ಮಗಳನ್ನು ಶಾಲೆಗೆ ಕರೆದುಕೊಂಡು ಹೋಗುವುದು, ಕರೆದುಕೊಂಡು ಬರುವುದು. ವಲ್ಲಿಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ಅವಳ ಕೈಯಲ್ಲಿ. ಅವಳು ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ದಾರಿಯಲ್ಲಿ ಹಿಟ್ಟಿನ ಗಿರಣಿ ಬಂದಾಗ ಮಾವ ಆ ವಲ್ಲಿಯನ್ನೇ ಅವಳ ತಲೆಗೆ, ಕಿವಿ ಮುಚ್ಚುವ ಹಾಗೆ ಸುತ್ತುತ್ತಿದ್ದರು. ಗಿರಣಿ ದಾಟಿದ ಮೇಲೆ ಬಿಚ್ಚುತ್ತಿದ್ದರು. "ಮುತ್ಯಾನೂ ಮಮ್ಮಗಳೂ ಕೂಡಿ ಪೈಲ್ವಾನ್ಕಿಗಿ ಹೊಂಟಾರ," ಎಂದು ಗಿರಣಿಯವನು ನಗುತ್ತಿದ್ದ.

ಶಾಲೆಯ ಗೇಟಿನಲ್ಲಿ ಅವಳು ದಿನಾ ಒಂದೇ ಮಾತು ಕೇಳುತ್ತಿದ್ದಳು. "ಗಂಟಿಗಿಂತ ಮೊದ್ಲು ಬರ್ತಿ?"

"ಗಂಟಿಗಿಂತ ಮೊದ್ಲು ಬರ್ತೀನಿ," ಎಂದು ಮಾವ ಹೇಳುತ್ತಿದ್ದರು. ಅದೇ ಮಾತು, ಅದೇ ದನಿ. "ಹ್ಞೂಂ" ಅಂದರೆ ನಡೆಯುತ್ತಿರಲಿಲ್ಲ. ಪೂರ್ತಿ ಹೇಳಿದ ಮೇಲೆಯೇ ಅವಳು ವಲ್ಲಿ ಬಿಟ್ಟು ಒಳಗೆ ಹೋಗುತ್ತಿದ್ದಳು.

ಅದು ಊಟದ ಗಂಟೆಯ ಮಾತು. ಮಾವ ಆ ಗಂಟೆಗಿಂತ ಮೊದಲೇ ಬಂದು ನಾಲ್ಕನೇ ತರಗತಿಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಟೀಚರ್‌ಗೂ ರೂಢಿಯಾಗಿತ್ತು. ಮಕ್ಕಳೆಲ್ಲ ತಾಟು ಹಿಡಿದು ವರಾಂಡಕ್ಕೆ ನುಗ್ಗುವ ಮುಂಚೆ ಅವಳನ್ನು ಕಂಪೌಂಡಿನ ಆಚೆ ಮೂಲೆಯ ಬೇವಿನ ಗಿಡದ ಕೆಳಗೆ ಕರೆದೊಯ್ದು, ಮನೆಯಿಂದ ತಂದ ಡಬ್ಬಿ ಬಿಚ್ಚುತ್ತಿದ್ದರು. ರೊಟ್ಟಿ, ಶೇಂಗಾ ಹಿಂಡಿ. ಇಬ್ಬರೂ ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದರು.

ನನಗೆ ಅದು ಸೇರುತ್ತಿರಲಿಲ್ಲ. ಅದೇ ಶಾಲೆಯಲ್ಲಿ ನಾನು ಅಡಿಗೆಯವಳು. ಊಟ ಬಡಿಸುವ ಮೊದಲು ನಾನು ಉಂಡು ತೋರಿಸಬೇಕು, ಆಮೇಲೆ ಟೀಚರ್ ಒಬ್ಬರು ಉಂಡು ನೋಡಬೇಕು, ಆಮೇಲೆ ಮಕ್ಕಳು. ಇಷ್ಟೆಲ್ಲ ಮಾಡಿ ಬಡಿಸುವಾಗ ನನ್ನ ಮಗಳೊಬ್ಬಳೇ ನನ್ನ ಅಡಿಗೆ ಬಿಟ್ಟು ಬೇವಿನ ಗಿಡದ ಕೆಳಗೆ ಡಬ್ಬಿ ಬಿಚ್ಚಿದರೆ ನೋಡುವವರು ಏನೆನ್ನುತ್ತಾರೆ? ನನ್ನ ಜೊತೆ ಅಡಿಗೆ ಮಾಡುವ ಹಿರಿಯಾಕೆ, ನಾನು ಅಕ್ಕ ಎಂದು ಕರೆಯುವವಳು, ಅವತ್ತು ಮೊಟ್ಟೆ ಸುಲಿಯುತ್ತ ಅಂದಳು: "ಏ ತಂಗಿ, ಸಾಂಬಾರದಾಗ ಏನ್ ಹಾಕೀದಿ ಹೇಳಿಬಿಡು. ನಿನ್ನ ಮಗಳಿಗಿ ಗೊತ್ತದ, ನಮಗ ಗೊತ್ತಿಲ್ಲ."

ತಮಾಷೆಗೆ ಅಂದದ್ದು. ನನಗೆ ಮುಖ ಬಿಸಿಯಾಯಿತು. ಸಂಜೆ ಮನೆಗೆ ಹೋಗಿ ಮಾವನ ಎದುರು ಕೊಡ ದೊಪ್ಪನೆ ಇಟ್ಟೆ. "ನೀವೇ ಮುದ್ದು ಮಾಡಿ ಆಕಿನ್ನ ಕೆಡಿಸೀರಿ. ನಾಳಿಂದ ಎಲ್ಲಾ ಮಕ್ಕಳ ಜೋಡಿ ಕುಂತು ಉಣ್ಣಲಿ. ನೀವು ಡಬ್ಬಿ ತರಬ್ಯಾಡ್ರಿ."

ಮಾವ ಕೊಡವನ್ನು ಪಕ್ಕಕ್ಕೆ ಸರಿಸಿದರು. "ತಾಟಿನ ಸಪ್ಪಳ ಭಾಳ ಆಗ್ತೈತಿ ಮಗಳ," ಎಂದರು. "ಸಪ್ಪಳಕ್ಕ ಯಾರರ ಸಾಯ್ತಾರೇನ್ರಿ?" ಎಂದು ನಾನು ಒಳಗೆ ಹೋದೆ. ಅವರೊಂದಿಗೆ ನಾನಾಡಿದ ಕೊನೆಯ ಮಾತು ಅದೇ ಎಂದು ಹೇಳಲಾರೆ. ಆಮೇಲೆ ನೀರು ಬೇಕೇ ಎಂದು ಕೇಳಿರಬಹುದು, ಹಾಸಿಗೆ ಹಾಸಿದೆ ಎಂದಿರಬಹುದು. ಆದರೆ ನನಗೆ ನೆನಪಿರುವುದು ಅದೊಂದೇ.

ಮರುದಿನ ಬೆಳಿಗ್ಗೆ ಮಾವ ಏಳಲಿಲ್ಲ.

ನಮ್ಮಲ್ಲಿ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಾಗೆಯೇ ಕೂರಿಸಿದ್ದರು. ಕೊರಳಿಗೆ ಹೂವು, ಹೆಗಲಿಗೆ ಅದೇ ವಲ್ಲಿ. ಹೆಂಗಸರು ಸುತ್ತ ಕೂತು ಅಳುತ್ತಿದ್ದರು. ನಾನೂ ಅಳುತ್ತಿದ್ದೆ. ಮಗಳ ಕಡೆ ಯಾರಿಗೂ ಲಕ್ಷ್ಯವಿರಲಿಲ್ಲ. ಶಾಲೆಯ ಹೊತ್ತಿಗೆ ಸರಿಯಾಗಿ ಅವಳು ಒಳಗಿನಿಂದ ಬಂದಳು. ಯೂನಿಫಾರ್ಮ್ ಹಾಕಿದ್ದಳು, ಬ್ಯಾಗು ಬೆನ್ನಿಗಿತ್ತು. ಎರಡೂ ಕಿವಿ ಮುಚ್ಚಿಕೊಂಡು ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ, ಒಂದು ಕೈ ಕಿವಿಯಿಂದ ತೆಗೆದು, ವಲ್ಲಿಯ ತುದಿ ಹಿಡಿದು ನಿಂತಳು. ಅವರು ಏಳಲಿ ಎಂದು ಕಾಯುತ್ತಿದ್ದಳು. ಹೆಂಗಸರು ಅದನ್ನು ನೋಡಿ ಇನ್ನೂ ಜೋರಾಗಿ ಅತ್ತರು. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪಕ್ಕದ ಮನೆಗೆ ಕಳಿಸಿದೆ.

ಆ ವಲ್ಲಿಯನ್ನು ಹೊದಿಸಿಯೇ ಮಾವನನ್ನು ಮಣ್ಣು ಮಾಡಿದರು.

ದಿನಕರ್ಮಗಳು ಮುಗಿದ ಮೇಲೆ ನಾನು ಕೆಲಸಕ್ಕೆ ಹೊರಟೆ. ಮಗಳನ್ನೂ ಕರೆದುಕೊಂಡೆ. ನನ್ನ ಗಂಡ ಟಂಟಂ ಓಡಿಸುತ್ತಾರೆ. ಶಹಾಪುರಕ್ಕೆ ಬೆಳಗಿನ ಮೊದಲ ಸವಾರಿ ಅವರದೇ, ಹಾಗಾಗಿ ಅವರು ಮನೆಯಲ್ಲಿರುವುದಿಲ್ಲ. ಅವಳು ನನ್ನ ಸೆರಗಿನ ತುದಿ ಹಿಡಿದು ಬಂದಳು. ಗಿರಣಿಯ ಹತ್ತಿರ ನಿಂತಳು. ನಾನು ಸೆರಗು ಎಳೆದುಕೊಂಡು ನಡೆದೆ. ಗೇಟಿಗೆ ಬಂದಾಗ ಕೇಳಿದಳು, "ಗಂಟಿಗಿಂತ ಮೊದ್ಲು ಬರ್ತಿ?"

ಅಕ್ಕ ಒಲೆ ಹಚ್ಚಿದ್ದಳೋ ಇಲ್ಲವೋ, ಬೇಳೆ ನೆನೆಹಾಕಿದ್ದಳೋ ಇಲ್ಲವೋ ಎಂಬ ಯೋಚನೆಯಲ್ಲಿದ್ದೆ. "ಹ್ಞೂಂ, ಹ್ಞೂಂ, ಹೋಗು," ಎಂದೆ.

ಅವಳು ನಿಂತೇ ಇದ್ದಳು. "ಗಂಟಿಗಿಂತ ಮೊದ್ಲು ಬರ್ತಿ?"

"ಬರ್ತೀನಿ ನಡಿ ಅಂದೆ!"

ಗಂಟೆ ಬಾರಿಸುವ ಹೊತ್ತಿಗೆ ನನ್ನ ಕೈಯಲ್ಲಿ ಸೌಟಿತ್ತು. ಸಾಲಿನ ನಡುವೆ ಅವಳನ್ನು ಕಂಡೆ. ಇನ್ನೂರು ತಾಟುಗಳು ಫರಶಿ ಕಲ್ಲಿನ ಮೇಲೆ ಬೀಳುವ ಸದ್ದು, ಮಕ್ಕಳ ಕೂಗು. ಅವಳು ಕಿವಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತ ನಿಂತಿದ್ದಳು. ನಾನು ಸೌಟಿನಿಂದಲೇ ಕೂರು ಎಂದು ಸನ್ನೆ ಮಾಡಿದೆ. ಕೂತಳು. ತಾಟಿನಲ್ಲಿದ್ದದ್ದು ತಾಟಿನಲ್ಲೇ ಉಳಿಯಿತು.

ಅಂದು ನನಗೆ ಸಂತೋಷವಾಗಿತ್ತು ಎಂಬುದನ್ನು ಇಲ್ಲಿ ಬರೆಯಬೇಕು. ಮಾವ ಹೋದ ದುಃಖದಲ್ಲೂ, ಮಗಳು ಎಲ್ಲರಂತೆ ಸಾಲಿನಲ್ಲಿ ಕೂತಳಲ್ಲ ಎಂದು ಸಂತೋಷವಾಗಿತ್ತು.

ಅದು ಒಂದು ವಾರ ನಡೆಯಿತು. ಶಾಲೆಯಲ್ಲಿ ಅವಳು ಒಂದು ಮಾತೂ ಆಡುತ್ತಿರಲಿಲ್ಲ, ಗಲಾಟೆ ಮಾಡುತ್ತಿರಲಿಲ್ಲ. "ಭಾಳ ಶಾಣ್ಯಾಕಿ ಅದಾಳ್ರಿ ನಿಮ್ಮ ಮಗಳು, ಇದ್ದದ್ದೇ ಗೊತ್ತಾಗಂಗಿಲ್ಲ," ಎಂದು ಟೀಚರ್ ಹೇಳಿದರು. ಮನೆಗೆ ಬಂದ ಮೇಲೆ ಅದೇ ಹುಡುಗಿ ಯೂನಿಫಾರ್ಮಿನ ಗುಂಡಿ ಕಿತ್ತು, ಹಣೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದಳು. ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತಿದ್ದಳು. ವಾಂತಿ ಮಾಡುತ್ತಿದ್ದಳು. ಭಾನುವಾರ ಮಾತ್ರ ಹೊಟ್ಟೆ ನೋಯುತ್ತಿರಲಿಲ್ಲ. ಅದರಿಂದ ನಾನು ತಿಳಿದುಕೊಂಡದ್ದು ಒಂದೇ: ಸುಳ್ಳು ಹೇಳುತ್ತಿದ್ದಾಳೆ.

ಆಮೇಲೆ ಗಿರಣಿ ದಾಟಲು ಒಲ್ಲೆ ಎಂದಳು. ಆಮೇಲೆ ಬಾಗಿಲು ದಾಟಲು ಒಲ್ಲೆ ಎಂದಳು. ಕೊನೆಗೆ ಮಾವ ಮಲಗುತ್ತಿದ್ದ ಹೊರಸಿನ ಕೆಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಲು ಶುರು ಮಾಡಿದಳು. ಜಂತಿನ ಮಾತ್ರೆ ಕೊಡಿಸಿದೆವು. ದೃಷ್ಟಿ ತೆಗೆದೆವು. ತಿಂಥಣಿಗೆ ಹೋಗಿ ಮೌನೇಶ್ವರನ ಗುಡಿಯಲ್ಲಿ ಕಾಯಿ ಒಡೆಸಿಕೊಂಡು ಬಂದೆವು. ಅಲ್ಲಿ ಹೊಳೆಯ ದಂಡೆಯಲ್ಲಿ ಅವಳು ಅರ್ಧ ದಿನ ನಗುತ್ತ ಆಡಿದಳು. ಅದನ್ನು ನೋಡಿ ನನ್ನ ಗಂಡ, "ಈಕಿಗಿ ಏನೂ ಆಗಿಲ್ಲ. ಸಾಲಿ ಅಂದ್ರ ಸೊಕ್ಕು ಅಷ್ಟೇ," ಎಂದರು. ನಾನೂ ಹೌದೆಂದೆ.

ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಒಳ್ಳೆಯವರು. ಅವರಿಗೂ ಮೇಲಿನವರ ಒತ್ತಡ. ಹಾಜರಿ ಕಡಿಮೆಯಾದರೆ ಯಾಕೆ ಎಂದು ಕೇಳುತ್ತಾರೆ. ಒಂದು ದಿನ ಅಡಿಗೆ ಕೋಣೆಯ ಬಾಗಿಲಿಗೇ ಬಂದು ನಿಂತರು.

"ನೋಡವ್ವ, ಸಾಲಿ ಬಿಟ್ಟ ಮಕ್ಕಳ ಮನಿಗಿ ಹೋಗಿ ನಾವು ಕರೀತೀವಿ. ಅವ್ರು ಏನಂತಾರ ಗೊತ್ತಾ? ಮೊದ್ಲು ನಿಮ್ಮ ಅಡಿಗ್ಯಾಕಿ ಮಗಳನ್ನ ಕರೀರಿ ಅಂತಾರ. ನಾ ಏನ್ ಹೇಳ್ಲಿ?"

ಅಕ್ಕ ಹಿಂದಿನಿಂದ, "ಊರ ಮಂದಿ ಮಕ್ಕಳಿಗೆಲ್ಲ ಉಣಸ್ತಾಳ್ರಿ ಮೇಡಮ್ರ. ಮನಿ ಮಗಳು ಹೊರಸಿನ ಕೆಳಗ," ಎಂದಳು.

ಆಗ ನಾನು ಹೇಳಿದ ಮಾತು ಇದು. ಬೇರೆ ಯಾರೂ ಹೇಳಲಿಲ್ಲ, ನಾನೇ ಹೇಳಿದೆ. "ನಾಕು ಮಂದಿ ಹುಡುಗ್ಯಾರನ್ನ ಕಳಸ್ರಿ ಮೇಡಮ್ರ. ಹೊತ್ಕೊಂಡು ಬರ್ತಾರ. ನಮ್ಮ ಕಾಲಕ್ಕ ಹಂಗೇ ಮಾಡ್ತಿದ್ರು."

ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ನನ್ನ ತವರು ಸುರಪುರದ ಕಡೆ, ಬೋನಾಳ ಕೆರೆಯ ಹತ್ತಿರ. ನಮ್ಮ ಶಾಲೆಯಲ್ಲಿ ಯಾರಾದರೂ ಮಕ್ಕಳು ತಪ್ಪಿಸಿಕೊಂಡರೆ ಮಾಸ್ತರು ದೊಡ್ಡ ತರಗತಿಯಿಂದ ಗಟ್ಟಿಮುಟ್ಟಾದ ನಾಲ್ವರನ್ನು ಆರಿಸಿ ಕಳಿಸುತ್ತಿದ್ದರು. ಇಬ್ಬರು ಕೈ, ಇಬ್ಬರು ಕಾಲು. ಹೆಣ ಹೊತ್ತಂತೆ ಊರ ನಡುವೆ ಹೊತ್ತು ತರಬೇಕು. ಹುಡುಗರಿಗೆ ಹುಡುಗರು, ಹುಡುಗಿಯರಿಗೆ ಹುಡುಗಿಯರು. ನಾನು ಗಟ್ಟಿಯಾಗಿದ್ದೆ. ಯಾವಾಗಲೂ ನನ್ನನ್ನೇ ಕಳಿಸುತ್ತಿದ್ದರು. ಮೊಣಕಾಲಿನ ಕೆಳಗೆ ಎರಡೂ ಕೈ ಸುತ್ತಿ ಎದೆಗೆ ಒತ್ತಿಕೊಂಡರೆ ಅವರಿಗೆ ಒದೆಯಲು ಬರುವುದಿಲ್ಲ ಎಂಬುದು ನಾನು ಕಂಡುಕೊಂಡ ಉಪಾಯ. ಮಾಸ್ತರು ಪೆಪ್ಪರ್‌ಮಿಂಟ್ ಕೊಡುತ್ತಿದ್ದರು. ಒಬ್ಬಳು ಹುಡುಗಿ ಕೆರೆಯ ಏರಿಯ ಮೇಲೆ ಜಾಲಿ ಕಂಟಿಯಲ್ಲಿ ಅಡಗಿ ಕೂರುತ್ತಿದ್ದಳು, ಬಾತುಗಳನ್ನು ನೋಡುತ್ತ. ಅವಳನ್ನು ಮೂರು ಸಲ ಹೊತ್ತು ತಂದಿದ್ದೇವೆ. ಮೂರನೇ ಸಲ ನನ್ನ ಮಣಿಕಟ್ಟು ಕಚ್ಚಿದಳು. ಆ ವರ್ಷದ ನಂತರ ಅವಳು ಶಾಲೆಗೆ ಬಂದದ್ದು ನೆನಪಿಲ್ಲ. ಅವಳು ಯಾಕೆ ಹೆದರುತ್ತಿದ್ದಳು ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಹಲ್ಲಿನ ಗುರುತನ್ನು ಮಾತ್ರ ನಾನು ವರ್ಷಗಟ್ಟಲೆ ಎಲ್ಲರಿಗೂ ತೋರಿಸುತ್ತಿದ್ದೆ.

ಮೇಡಂ ಅನುಮಾನಿಸಿದರು. "ಈಗ ಹಂಗೆಲ್ಲ ಮಾಡಾಂಗಿಲ್ಲವ್ವ. ಯಾರರ ನೋಡಿದ್ರ ತ್ರಾಸ ಆಗ್ತದ."

"ಆಕಿ ನನ್ನ ಮಗಳ್ರಿ. ನಾನೇ ಜೋಡಿ ಹೋಗ್ತೀನಿ," ಎಂದೆ.

"ನಾ ಅಂತೂ ಹೇಳಿಲ್ಲ ನೋಡು ಮತ್ತ," ಎಂದು ಅವರು ಆಫೀಸಿಗೆ ನಡೆದರು.

ನಳದ ಹತ್ತಿರ ಏಳನೇ ತರಗತಿಯ ಹುಡುಗಿಯರು ನಿಂತಿದ್ದರು. ನಾಲ್ವರನ್ನು ಕರೆದೆ. ಪಾಠ ತಪ್ಪಿತೆಂದು ಅವರಿಗೆ ಖುಷಿ. ಮನೆಗೆ ಹೋಗಿ ಹೊರಸನ್ನು ನಾನೇ ಎತ್ತಿ ಪಕ್ಕಕ್ಕಿಟ್ಟೆ. ಅವಳಿಗೆ ಯೂನಿಫಾರ್ಮ್ ಹಾಕಿದ್ದು ನಾನೇ. ಸಾಕ್ಸ್ ಹಾಕಿದ್ದೂ ನಾನೇ, ಹೊಲಿಗೆ ಎಲ್ಲಿ ಬಂತು ನೋಡಲಿಲ್ಲ. "ಅಕ್ಕಾರ, ಕಾಲು ಹ್ಯಾಂಗ ಹಿಡಿಬೇಕ್ರಿ?" ಎಂದು ಒಬ್ಬಳು ಕೇಳಿದಳು. ಹೇಗೆ ಎಂದು ತೋರಿಸಿಕೊಟ್ಟೆ. ಮೊಣಕಾಲಿನ ಕೆಳಗೆ, ಎದೆಗೆ ಒತ್ತಿ.

ಕೂಗಾಡುತ್ತಾಳೆ, ಕಚ್ಚುತ್ತಾಳೆ ಎಂದುಕೊಂಡಿದ್ದೆ. ಅವಳು ಏನೂ ಮಾಡಲಿಲ್ಲ. ಹಲಗೆಯಂತೆ ಸೆಟೆದುಕೊಂಡಳು. ಕಣ್ಣು ತೆರೆದೇ ಇದ್ದವು. ಕೈಗಳನ್ನು ಇಬ್ಬರು ಹಿಡಿದಿದ್ದರಿಂದ ಕಿವಿ ಮುಚ್ಚಿಕೊಳ್ಳಲು ಬರಲಿಲ್ಲ. ಅದನ್ನು ನಾನು ಆಗ ಯೋಚಿಸಲಿಲ್ಲ. ಗಿರಣಿ ನಡೆಯುತ್ತಿತ್ತು. ಹಿಟ್ಟು ಬೀಸಲು ಬಂದ ಹೆಂಗಸರು ಡಬ್ಬಿ ಇಟ್ಟು ನೋಡಿದರು. ಗಿರಣಿಯವನು ಹೊರಗೆ ಬಂದು, "ಏನವ್ವ, ಮದುಮಗಳ ಮೆರವಣಿಗಿ ಹೊಂಟೈತೇನು? ಬಾಜಾಬಜಂತ್ರಿ ಎಲ್ಲಿ?" ಎಂದ.

ಎಲ್ಲರೂ ನಕ್ಕರು. ಆ ನಾಲ್ವರೂ ನಕ್ಕರು. ನಾನೂ ನಕ್ಕೆ.

ಇದನ್ನು ಬರೆಯಲು ನನಗೆ ಬಹಳ ದಿನ ಹಿಡಿಯಿತು. ಹೊತ್ತು ತಂದದ್ದನ್ನು ತಿಳಿಯದೆ ಮಾಡಿದೆ ಎನ್ನಬಹುದು. ನಕ್ಕದ್ದಕ್ಕೆ ಏನೆನ್ನಲಿ? ಅವಳ ಮುಖ ನನ್ನ ಕಡೆಗೇ ಇತ್ತು. ನಾನು ನಗುವುದನ್ನು ಅವಳು ನೋಡಿದಳು.

ಅಲ್ಲೇ ಅವಳಿಗೆ ಉಚ್ಚೆ ಹೋಯಿತು. ಕಾಲು ಹಿಡಿದ ಹುಡುಗಿ "ಅಯ್ಯ" ಎಂದು ಕೈ ಬಿಟ್ಟಳು. ಉಳಿದ ದಾರಿ ನಾನೇ ಎತ್ತಿಕೊಂಡು ಹೋದೆ. ಅಡಿಗೆ ಕೋಣೆಯ ಹಿಂದೆ ಕಾಲು ತೊಳೆದು, ಬೇರೆ ಲಂಗ ಇಲ್ಲದ್ದರಿಂದ ಒದ್ದೆಯಲ್ಲೇ ತರಗತಿಗೆ ಬಿಟ್ಟೆ. ಊಟದ ಗಂಟೆಯಾಯಿತು. ಸಾಲಿನಲ್ಲಿ ಕೂತಳು. ಅವಳ ತಾಟಿಗೆ ಒಂದು ಮೊಟ್ಟೆ ಹೆಚ್ಚು ಹಾಕಿದೆ. ಮೇಡಂ ದೂರದಿಂದ ನೋಡಿ ತಲೆಯಾಡಿಸಿದರು. ಗೆದ್ದೆ ಎಂದುಕೊಂಡೆ.

ಮರುದಿನ ಅವಳು ಏಳಲಿಲ್ಲ. ಅದರ ಮರುದಿನವೂ ಏಳಲಿಲ್ಲ. ನೀರು ಬಿಟ್ಟು ಏನೂ ಒಲ್ಲೆ. ಮಾತು ನಿಂತಿತು. ಹೊರಸಿನ ಕೆಳಗೆ ಮಲಗಿ ತನ್ನ ಕೈಯ ಚರ್ಮವನ್ನು ಉಗುರಿನಿಂದ ಕೆರೆದುಕೊಳ್ಳುತ್ತಿದ್ದಳು. ನಾನು ಹತ್ತಿರ ಹೋದರೆ ಗೋಡೆಗೆ ಇನ್ನಷ್ಟು ಅಂಟಿಕೊಳ್ಳುತ್ತಿದ್ದಳು. ನನ್ನ ಗಂಡ ಬಂದರೆ ಸುಮ್ಮನಿರುತ್ತಿದ್ದಳು. ನನ್ನ ಕಾಲ ಸಪ್ಪಳಕ್ಕೇ ಹೆದರುತ್ತಿದ್ದಾಳೆ ಎಂದು ತಿಳಿದಾಗ ನಾನು ಅಡಿಗೆ ಮನೆಯಲ್ಲಿ ಕೂತುಬಿಟ್ಟೆ.

ಗಂಡ ಒಂದು ದಿನದ ಸವಾರಿ ಬಿಟ್ಟು ಟಂಟಂನಲ್ಲೇ ನಮ್ಮನ್ನು ಯಾದಗಿರಿಯ ಆಸ್ಪತ್ರೆಗೆ ಕರೆದೊಯ್ದರು. ಮಕ್ಕಳ ಡಾಕ್ಟರು ದಕ್ಷಿಣದ ಕಡೆಯ ಹೆಣ್ಣುಮಗಳು, ವಯಸ್ಸು ಚಿಕ್ಕದು. ಮಗಳನ್ನು ಮುಟ್ಟಲಿಲ್ಲ. ನಮ್ಮನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಯಾವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾಳೆ? ಬಟ್ಟೆಯ ಯಾವ ಭಾಗ ಅವಳಿಗೆ ಸೇರುವುದಿಲ್ಲ? ದಾರಿ ಬದಲಾದರೆ ಏನಾಗುತ್ತದೆ? ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಾಳಾ? ಯಾವಾಗ ಸಮಾಧಾನವಾಗುತ್ತಾಳೆ?

ನಾನು ಒಂದೊಂದಕ್ಕೇ ಉತ್ತರ ಹೇಳುತ್ತ ಹೋದೆ. ಗಿರಣಿಯ ಸದ್ದು, ಅದಕ್ಕೆ ಮಾವ ವಲ್ಲಿ ಸುತ್ತುತ್ತಿದ್ದರು. ಸಾಕ್ಸಿನ ಹೊಲಿಗೆ, ಮಾವ ಕಾಯುತ್ತಿದ್ದರು. ತಾಟಿನ ಸದ್ದು, ಮಾವ ಗಂಟೆಗಿಂತ ಮೊದಲೇ ಕರೆದೊಯ್ಯುತ್ತಿದ್ದರು. ಒಂದೇ ಮಾತು ಕೇಳುತ್ತಾಳೆ, ಮಾವ ಪೂರ್ತಿ ಉತ್ತರ ಕೊಡುತ್ತಿದ್ದರು.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಅವರಿಗೆ ಮಗು ಚೆನ್ನಾಗಿ ಅರ್ಥ ಆಗಿದೆಯಮ್ಮ. ಮುಂದಿನ ಸಲ ಅವರನ್ನೂ ಕರ್ಕೊಂಡು ಬನ್ನಿ."

"ಅವರು ಇಲ್ರಿ," ಎಂದರು ನನ್ನ ಗಂಡ.

ಅಂದು ಆಟಿಸಂ ಎಂಬ ಮಾತನ್ನು ನಾವು ಮೊದಲ ಸಲ ಕೇಳಿದೆವು. ಮಗಳಿಗೆ ಆಗಲೇ ಹತ್ತು ತುಂಬಿತ್ತು. ಸುಮ್ಮನಿರುವ ಹೆಣ್ಣುಮಕ್ಕಳಲ್ಲಿ ಇದು ಬೇಗ ಗೊತ್ತಾಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಶಾಲೆಯಲ್ಲಿ ಇಡೀ ದಿನ ಅಂಜಿಕೆಯನ್ನು ಹಿಡಿದಿಟ್ಟುಕೊಂಡು ಮನೆಯಲ್ಲಿ ಬಿಡುತ್ತಾಳೆ ಎಂದರು. ಹೊಟ್ಟೆನೋವು ನಿಜವಾದದ್ದೇ ಎಂದರು. ಭಾನುವಾರ ನೋಯದಿರುವುದು ಸುಳ್ಳಿನ ಗುರುತಲ್ಲ, ಅಂಜಿಕೆ ಎಲ್ಲಿದೆ ಎಂಬುದರ ಗುರುತು ಎಂದರು. "ಬಲವಂತ ಏನಾದರೂ ಮಾಡಿದ್ರಾ?" ಎಂದು ಕೇಳಿದಾಗ ನಾನು ನೆಲ ನೋಡಿದೆ. ನನ್ನ ಗಂಡನಿಗೂ ಆಗ ಪೂರ್ತಿ ಗೊತ್ತಿರಲಿಲ್ಲ. "ಒಮ್ಮೆ ಎತ್ಕೊಂಡು ಹೋಗಿದ್ದೆರಿ," ಎಂದೆ. ಅಷ್ಟೇ ಹೇಳಿದೆ. ನಾಲ್ವರ ಮಾತು ಹೇಳಲಿಲ್ಲ.

ಡಾಕ್ಟರ ಚೀಟಿ ಹಿಡಿದು ಶಹಾಪುರದ ಶಿಕ್ಷಣ ಇಲಾಖೆಯ ಆಫೀಸಿಗೆ ಹೋದ ಮೇಲೆ ಅಲ್ಲಿಂದ ಒಬ್ಬ ವಿಶೇಷ ಶಿಕ್ಷಕಿ ವಾರಕ್ಕೊಮ್ಮೆ ಮನೆಗೆ ಬರತೊಡಗಿದರು. ಅವರು ಬಂದು ಮೊದಲ ದಿನ ಹೊರಸಿನ ಪಕ್ಕ ನೆಲದ ಮೇಲೆ ಕೂತು, ಒಂದು ಮೊರದಲ್ಲಿ ಅಕ್ಕಿ ಹಾಕಿಕೊಂಡು ಹಳ್ಳು, ಎಂದರೆ ಸಣ್ಣ ಕಲ್ಲು, ಆರಿಸಿದರು. ಮಗಳಿಗೆ ಅಕ್ಕಿಯಲ್ಲಿ ಹಳ್ಳು ಆರಿಸುವುದು ಇಷ್ಟ ಎಂದು ನಾನು ಹೇಳಿದ್ದೆ. ಒಂದು ತಾಸಿನ ಮೇಲೆ ಹೊರಸಿನ ಕೆಳಗಿನಿಂದ ಒಂದು ಕೈ ಬಂದು, ಅವರು ಬಿಟ್ಟಿದ್ದ ಒಂದು ಹಳ್ಳನ್ನು ತೆಗೆದು ಪಕ್ಕಕ್ಕಿಟ್ಟಿತು. "ನನ್ನ ಕಣ್ಣು ಸರಿ ಇಲ್ಲ ಬಿಡವ್ವ," ಎಂದರು ಶಿಕ್ಷಕಿ. ಹೊರಸಿನ ಕೆಳಗಿನಿಂದ ದನಿ ಬಂತು, "ಇನ್ನೂ ಎರಡು ಅದಾವು." ಹಲವು ದಿನಗಳ ನಂತರದ ಮೊದಲ ಮಾತು ಅದು. ಅದು ನನಗೆ ಹೇಳಿದ್ದಲ್ಲ.

ಮಗಳು ಯಾವುದಕ್ಕೆ ಅಂಜುತ್ತಾಳೆ, ಯಾವುದರಿಂದ ಸಮಾಧಾನವಾಗುತ್ತಾಳೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಶಿಕ್ಷಕಿ ಹೇಳಿದರು. ನಾನು ಹತ್ತನೇ ತರಗತಿ ಓದಿದವಳು, ಬರೆಯಲು ಬರುತ್ತದೆ. ಬರೆಯಲು ಕೂತರೆ ಪ್ರತಿ ಸಾಲಿನಲ್ಲೂ ಮಾವ ಬರುತ್ತಿದ್ದರು, ಆಮೇಲೆ ನಾನು ಬರುತ್ತಿದ್ದೆ. ಇದು ಆ ನೋಟ್‌ಬುಕ್ಕಿನಿಂದಲೇ ಹುಟ್ಟಿದ್ದು.

ಆ ಶಿಕ್ಷಕಿಯ ಎದುರು ಕೊನೆಗೂ ನಾಲ್ವರು ಹುಡುಗಿಯರ ಮಾತು ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. "ನಮ್ಮ ಅಣ್ಣನ್ನೂ ಹಂಗೇ ಹೊತ್ಕೊಂಡು ಹೋಗಿದ್ರು ಅಕ್ಕಾರ," ಎಂದರು. ಮುಂದೆ ಏನಾಯಿತೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಆ ಸಂಜೆ ಗಂಡನಿಗೂ ಎಲ್ಲ ಹೇಳಿದೆ. ಅವರು ಟಂಟಂ ಒರೆಸುತ್ತಿದ್ದವರು ಕೈ ನಿಲ್ಲಿಸಿ, "ಅಪ್ಪ ಇದ್ದಿದ್ರ ನಿನ್ನ ಮನ್ಯಾಗ ಇಟ್ಕೊತಿದ್ದಿಲ್ಲ," ಎಂದರು. ಮತ್ತೆ ಒರೆಸತೊಡಗಿದರು. ಮಾವ ಇದ್ದಿದ್ದರೆ ನಾನು ಹಾಗೆ ಮಾಡುವ ಪ್ರಸಂಗವೇ ಬರುತ್ತಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಶಾಲೆಗೆ ಮರಳುವುದು ನಿಧಾನವಾಗಿ ನಡೆಯಿತು. ಮೊದಲು ಗಿರಣಿ ಬಂದ್ ಇರುವ ಹೊತ್ತಿನಲ್ಲಿ ಗಿರಣಿಯ ತನಕ. ಆಮೇಲೆ ಮಕ್ಕಳೆಲ್ಲ ಹೋದ ಮೇಲೆ ಖಾಲಿ ಶಾಲೆಯ ಗೇಟಿನ ತನಕ. ಎಷ್ಟೋ ದಿನ ಗೇಟು ಮುಟ್ಟಿ ವಾಪಸು ಬಂದಿದ್ದೇವೆ. ಕೆಲವು ದಿನ ಅರ್ಧ ದಾರಿಯಿಂದಲೇ. ಅಕ್ಕಿ ಬೇಳೆ ಇಡುವ ಕೋಣೆಯಲ್ಲಿ ಒಂದು ತಾಸು ಕೂರಲು ಮೇಡಂ ಒಪ್ಪಿದರು. ಅಲ್ಲಿಂದ ತರಗತಿಗೆ ಒಂದು ಪಾಠಕ್ಕೆ, ಆಮೇಲೆ ಎರಡಕ್ಕೆ. ಈ ನಡುವೆ ಒಂದು ತಿಂಗಳು ಮತ್ತೆ ಪೂರ್ತಿ ನಿಂತುಹೋಯಿತು, ಯಾಕೆಂದರೆ ಆ ನಾಲ್ವರಲ್ಲಿ ಒಬ್ಬಳು ಎದುರಿಗೆ ಬಂದಳು. ಆ ಹುಡುಗಿ ಅಳುತ್ತ ಅಡಿಗೆ ಕೋಣೆಗೆ ಬಂದಿದ್ದಳು. "ಅಕ್ಕಾರ, ನನ್ನ ನೋಡಿದ್ರ ಆಕಿ ಗ್ವಾಡಿಗಿ ಅಂಟಿ ನಿಲ್ತಾಳ್ರಿ. ನಾ ಏನೂ ಬೇಕಂತ ಮಾಡಿಲ್ರಿ." ಅವಳ ತಲೆ ಸವರಿ, "ತಪ್ಪು ನಂದವ್ವ, ನಿಂದಲ್ಲ," ಎಂದೆ. ಆದರೆ ಆ ಮಾತು ಅವಳಿಗೆ ಸಾಲಲಿಲ್ಲ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನಗೆ ಪೆಪ್ಪರ್‌ಮಿಂಟ್ ಸಿಕ್ಕಿತ್ತು, ಇವಳಿಗೆ ಇದು ಸಿಕ್ಕಿತು.

ಮಗಳಿಗೂ ಒಮ್ಮೆ ಹೇಳಿದೆ. ಅವಳು ಹಳ್ಳುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. "ನಂದು ತಪ್ಪಾತು ಯವ್ವ. ಹಂಗ ಇನ್ನೊಮ್ಮಿ ಮಾಡಂಗಿಲ್ಲ." ಅವಳು ಸಾಲಿನಲ್ಲಿ ಓರೆಯಾಗಿದ್ದ ಒಂದು ಹಳ್ಳನ್ನು ಸರಿ ಮಾಡಿದಳು.

ಮಾವನದರಂಥದೇ ಕೆಂಪು ಅಂಚಿನ ವಲ್ಲಿಯನ್ನು ಶಹಾಪುರದ ಪೇಟೆಯಿಂದ ತಂದೆ. ಅವಳು ಅದನ್ನು ಮೂಸಿ ನೋಡಿ, ಮಡಚಿ, ನನ್ನ ಕಡೆ ಸರಿಸಿದಳು. ತಪ್ಪು ನನ್ನದೇ. ಹೊಸ ಬಟ್ಟೆಯ ಗಂಜಿ ಹೋಗುವಷ್ಟು ತೊಳೆದೂ ಇರಲಿಲ್ಲ. ಈಗ ಗಿರಣಿಯ ಹತ್ತಿರ ತಾನೇ ಕಿವಿ ಮುಚ್ಚಿಕೊಂಡು ದಾಟುತ್ತಾಳೆ. ಗಿರಣಿಯವನು ನಮ್ಮನ್ನು ಕಂಡರೆ ಒಂದು ಕ್ಷಣ ಯಂತ್ರದ ಪಟ್ಟಿ ಬಿಡಿಸಿ ಗಿರಣಿ ನಿಲ್ಲಿಸುತ್ತಾನೆ. ಹೇಳಿದವರು ಯಾರೋ ಗೊತ್ತಿಲ್ಲ. ಅವನೂ ನನ್ನ ಮುಖ ನೋಡುವುದಿಲ್ಲ, ನಾನೂ ಅವನ ಮುಖ ನೋಡುವುದಿಲ್ಲ.

ಈಗ ಅವಳು ಐದನೇ ತರಗತಿ. ಹೆಚ್ಚಿನ ದಿನ ಬರುತ್ತಾಳೆ. ಊಟದ ಗಂಟೆಗೆ ಸ್ವಲ್ಪ ಮೊದಲು ನಾನು ಸೌಟನ್ನು ಅಕ್ಕನ ಕೈಗೆ ಕೊಟ್ಟು, ಐದನೇ ತರಗತಿಯ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಅಕ್ಕ ಈಗ ಸಾಂಬಾರದ ಮಾತು ಎತ್ತುವುದಿಲ್ಲ. "ಹೋಗು ಹೋಗು, ಹೊತ್ತಾತು," ಎಂದು ಅವಳೇ ನೆನಪು ಮಾಡುತ್ತಾಳೆ. ಮಗಳು ನನ್ನನ್ನು ನೋಡಿ ಎದ್ದು ಬರುತ್ತಾಳೆ. ಬೇವಿನ ಗಿಡದ ಕೆಳಗೆ ಡಬ್ಬಿ ಬಿಚ್ಚುತ್ತೇವೆ. ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತೇವೆ. ನಮ್ಮ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಅವಳು ಕೂರುತ್ತಾಳೆ.

ಬೆಳಿಗ್ಗೆ ಗೇಟಿನಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಪೂರ್ತಿ ಉತ್ತರವನ್ನು ಸಿದ್ಧ ಮಾಡಿಕೊಂಡಿರುತ್ತೇನೆ. ಅವಳು ಬ್ಯಾಗಿನ ಪಟ್ಟಿ ಎರಡೂ ಕೈಯಲ್ಲಿ ಹಿಡಿದು ಒಳಗೆ ಹೋಗುತ್ತಾಳೆ.

ಗಂಟೆಗಿಂತ ಮೊದಲು ಬರ್ತೀಯಾ ಎಂದು ನನ್ನನ್ನು ಅವಳು ಇನ್ನೂ ಕೇಳಿಲ್ಲ.